ಚಕ್ರವಾಕದ ಮುಂದಿನ ಖಾಲಿ ಜಾಗ

ನಮ್ಮ ಕನ್ನಡ ಸರ್‌ಗೆ, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ಸುಜಾತಾಳ ನಮಸ್ಕಾರ.

ಇದನ್ನು ನೀವು ಹಕ್ಕಿಗಳ ವಿವರ ಬರೆದಿಡುತ್ತಿದ್ದ ಪುಸ್ತಕದ ಕೊನೆಯ ಹಾಳೆಗಳಲ್ಲೇ ಬರೆಯುತ್ತಿದ್ದೇನೆ. ಬೇರೆ ಕಾಗದ ಸಿಗಲಿಲ್ಲ ಅಂತಲ್ಲ. ಈ ಪುಸ್ತಕದಲ್ಲಿ ಒಂದು ತಪ್ಪು ಉಳಿದುಬಿಟ್ಟಿದೆ. ತಪ್ಪಾದ ಹಾಳೆಯನ್ನು ಹರಿಯಬಾರದು, ಅದರ ಕೆಳಗೇ ಸರಿಯಾದದ್ದನ್ನು ಬರೆಯಬೇಕು ಅಂತ ಕಲಿಸಿದವರು ನೀವೇ ಅಲ್ಲವೇ?

ಎಂಟನೆಯ ತರಗತಿಯ ಆ ಮಧ್ಯಾಹ್ನ ನಿಮಗೆ ನೆನಪಿರಬೇಕು. ಚಳಿಗಾಲಕ್ಕೆ ಚಂದ್ರಂಪಳ್ಳಿ ಡ್ಯಾಮಿಗೆ ಬರುವ ಬಾತುಗಳ ಬಗ್ಗೆ ಹೇಳುತ್ತಾ, "ಬಣ್ಣ ಬ್ಯಾರೆ, ದನಿ ಬ್ಯಾರೆ, ಹಾರೂದು ಬ್ಯಾರೆ" ಎಂದಿರಿ. ನಾನು ಎದ್ದು ನಿಂತು, "ರುಚಿನೂ ಬ್ಯಾರೆ ಇರ್ತದ್ರಿ ಸರ್" ಅಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಆಚಾರ್ರ ಮುಂದ ಬಾತಿನ ಸಾರು ತಂದಿಟ್ಟಳು ನೋಡ್ರೋ!" ಅಂದ. ಇಡೀ ತರಗತಿ ನಕ್ಕಿತು. ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆಯವರು ನೀವು. ಆದರೆ ನೀವು ನಗಲೂ ಇಲ್ಲ, ಬೈಯಲೂ ಇಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಇದು ನನಗ ಈ ಜನ್ಮದಾಗ ತಿಳ್ಯಾಂಗಿಲ್ಲ. ನೀನೇ ಹೇಳವ್ವ, ಹ್ಯಾಂಗ ಬ್ಯಾರೆ?" ಅಂದಿರಿ.

ಮರುದಿನ ನಿಮ್ಮ ಪುಸ್ತಕದಲ್ಲಿ ಸ್ಕೇಲಿಟ್ಟು ಹೊಸದೊಂದು ಗೆರೆ ಎಳೆದು, ಮೇಲೆ "ರುಚಿ" ಎಂದು ಬರೆದಿರಿ. ಬಾತು ಹಿಡಿಯುವವನು ನಮ್ಮ ಹಣಮಂತ ಮಾಮಾ, ಬೇಯಿಸುವವಳು ನಾನು ಎಂಬುದನ್ನು ಮುಚ್ಚಿಡದೆ ಹೇಳಿದ್ದೆ. "ಬ್ಯಾಟಿ ಅಪರಾಧ ಅದ. ಅದನ್ನ ನಿನಗ ಹೇಳೇ ಹೇಳ್ತೀನಿ" ಅಂದಿರಿ. ಆಮೇಲೆ ಪೆನ್ನಿನ ಮುಚ್ಚಳ ತೆಗೆಯುತ್ತಾ, "ಸತ್ತದ್ದರ ಬಗ್ಗೆ ಒಂದು ಖರೇ ಮಾತು ಬರದಿಟ್ರ ಅದು ಅಪರಾಧ ಅಲ್ಲ" ಅಂದಿರಿ.

ಊಟದ ಬಿಡುವಿನಲ್ಲಿ ನೀವು ಅವಲಕ್ಕಿ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದಿರಿ, ನಾನು ಎದುರಿಗೆ ನಿಂತು ಹೇಳುತ್ತಿದ್ದೆ. ಸೂಜಿಬಾಲದ ಬಾತು ಎಲ್ಲಕ್ಕಿಂತ ಚಲೋ. ಚರ್ಮದ ಕೆಳಗೆ ಹಳದಿ ಕೊಬ್ಬು, ಎಣ್ಣೆಯೇ ಬೇಡ, ತನ್ನ ಕೊಬ್ಬಿನಲ್ಲಿ ತಾನೇ ಬೇಯುತ್ತದೆ. ಸಣ್ಣ ಬಾತು ಅದಕ್ಕಿಂತ ಮೆತ್ತಗೆ, ಆದರೆ ಒಬ್ಬರಿಗೇ ಮುಗಿಯುತ್ತದೆ, ಮನೆಯಲ್ಲಿ ಜಗಳ. ಸಿಳ್ಳೆ ಬಾತಿಗೆ ಮೀನಿನ ನಾತ. ಚರ್ಮ ಸುಲಿದರೆ ಹೇಗೋ ತಿನ್ನಬಹುದು. ಚಮಚದ ಕೊಕ್ಕಿನದು ಕೆಸರು ಸೋಸಿ ತಿನ್ನುವ ಬಾತು. ಬಳ್ಳೊಳ್ಳಿ ಎಷ್ಟು ಅರೆದು ಹಾಕಿದರೂ ಕೆಸರೇ. ನೀವು ಬರೆದುಕೊಳ್ಳುತ್ತಾ, "ಅಂದ್ರ ಅದು ತಿಂದದ್ದೇ ನಿಮ್ಮ ಬಾಯಿಗಿ ಬರ್ತದ" ಅಂದಿರಿ. ಒಂದು ದಿನ ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಿರಿ. "ಇವತ್ತು ಏಕಾದಶಿ. ರುಚಿ ಬ್ಯಾಡ. ಹಾರೂದರ ಬಗ್ಗೆ ಇದ್ರ ಹೇಳು." ಆ ದಿನ ನಾನು ನಕ್ಕಷ್ಟು ಆಮೇಲೆ ಎಂದಾದರೂ...

ಒಮ್ಮೆ ಮಾಮಾ ಒಂದು ದೊಡ್ಡ ಹಕ್ಕಿ ತಂದ. ಫಾರೆಸ್ಟಿನವರಿಗೆ ಗುರುತು ಸಿಗಬಾರದೆಂದು ಅವನು ತಲೆ, ರೆಕ್ಕೆ, ಪುಕ್ಕವನ್ನೆಲ್ಲ ನೀರಿನ ದಂಡೆಯಲ್ಲೇ ಹೂತು ಬರುತ್ತಿದ್ದ. ನನ್ನ ಕೈಗೆ ಬರುತ್ತಿದ್ದದ್ದು ಬತ್ತಲೆ ಮಾಂಸ ಮತ್ತು ಒಂದು ಹೆಸರು ಮಾತ್ರ. ಆ ದಿನದ ಹೆಸರು ಸುರ್ಖಾಬ್. ನೀವು ಬಣ್ಣ ಕೇಳಿದಿರಿ. ನಾನು ಮಾಮಾನನ್ನು ಕೇಳಿದೆ. "ಬಣ್ಣ ಯಾಕ ಬೇಕು ನಿಮ್ಮ ಸರ್‌ಗ? ರಿಪೋಟ್ ಕೊಡ್ತಾನೇನು?" ಅಂದುಬಿಟ್ಟ. ಅದಕ್ಕೇ ಏಳನೆಯ ಸಾಲಿನಲ್ಲಿ ಹೀಗಿದೆ: "ಸುರ್ಖಾಬ್. ಗುರುತು ಸಿಕ್ಕಿಲ್ಲ. ರುಚಿ: ಕೆಸರು ವಾಸನೆ, ಬಹಳ ಗಟ್ಟಿ. ಮೂರು ನೀರು ಚೆಲ್ಲಿ ಬೇಯಿಸಿದರೂ ಹೋಗಲಿಲ್ಲ. ಅರ್ಧ ನಾಯಿಗೆ."

ಹನ್ನೊಂದನೆಯ ಸಾಲು ಚಕ್ರವಾಕದ್ದು, ಪಕ್ಕದಲ್ಲಿ ನೀವೇ ಬಿಡಿಸಿದ ಚಿತ್ರ. ಅದನ್ನು ಬರೆದ ದಿನವೇ ತರಗತಿಯಲ್ಲಿ ಹೇಳಿದ್ದಿರಿ, ಹಗಲೆಲ್ಲ ಜೋಡಿಯಾಗಿದ್ದು ರಾತ್ರಿ ಅಗಲುವ ಹಕ್ಕಿ, ಹಳೆಯ ಕವಿಗಳು ಅದರ ದುಃಖವನ್ನು ಹಾಡಿ ಹಾಡಿ ದಣಿದಿದ್ದಾರೆ ಎಂದು. ರುಚಿಯ ಜಾಗಕ್ಕೆ ಬಂದಾಗ ನನ್ನ ಮುಖ ನೋಡಿದಿರಿ. ಆ ಹೆಸರಿನ ಬಾತು ನಮ್ಮ ಒಲೆ ಏರಿರಲಿಲ್ಲ. "ತಿಂದಿಲ್ರಿ" ಅಂದೆ. ನಿಮಗೆಷ್ಟು ಸಂತೋಷವಾಯಿತು! "ನೋಡು, ಬ್ಯಾಟಿಗಾರಗೂ ಅದರ ಮ್ಯಾಲ ಕರುಣಾ ಅದ" ಎಂದು ಜಾಗವನ್ನು ಖಾಲಿ ಬಿಟ್ಟಿರಿ.

ಶಾಲೆ ಬಿಟ್ಟ ದಿನ ನೀವು ನಮ್ಮ ಮನೆಯ ತನಕ ಬಂದಿರಿ. ಬಡತನಕ್ಕೆ ಬಿಡಿಸಿದೆವು ಅಂತ ಅವ್ವ ಹೇಳಿದಳು. ಅದು ಸುಳ್ಳು. ನನಗೆ ಒಂದೇ ಕಡೆ ಕೂರಲು ಆಗಲಿಲ್ಲ, ಅಷ್ಟೇ. ಆಮೇಲೂ ಎಲ್ಲಿ ಕೂತೆ? ಸೇಡಂನಲ್ಲಿ ಹೊಲಿಗೆ, ಶಹಾಬಾದಿನಲ್ಲಿ ಕಲ್ಲು ಪಾಲಿಶ್, ಈಗ ವಾಡಿ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದು.

ಹೋದ ಚಳಿಗಾಲ ಊರಿಗೆ ಹೋದಾಗ ಮಾಮಾನ ಜೊತೆ ಡ್ಯಾಮಿಗೆ ಹೋಗಿದ್ದೆ. ದಂಡೆಯ ಮೇಲೆ ಕಾವಿ ಬಣ್ಣದ ಎರಡು ಹಕ್ಕಿ ಜೋಡಿಯಾಗಿ ನಿಂತಿದ್ದವು. ನಿಮ್ಮ ಚಿತ್ರದಲ್ಲಿ ಇದ್ದ ಹಾಗೇ.

"ಮಾಮಾ, ಅಕೋ ಚಕ್ರವಾಕ!"

"ಯಾವ ಚಕ್ರ, ತಾಯಿ? ಸುರ್ಖಾಬ್ ಅದು. ಮರತೇನು? ನೀ ಸಾಲಿಗಿ ಹೋಗ್ತಿದ್ದಾಗ ಒಂದು ತಂದಿದ್ನಲ್ಲ, ನಾಯಿಗಿ ಹಾಕಿದ್ರಿ."

"ಒಂದೇ ತಂದಿದ್ದಿ. ಇನ್ನೊಂದು?"

"ಅದಾ? ಎಂಟ್ ದಿನ ಅಲ್ಲೇ ಒದರ್ಕೋತ ತಿರುಗ್ತಿತ್ತು. ಭಾಳ ತಲಿ ತಿಂತು."

ಎರಡು ತಿಂಗಳ ಮೇಲೆ ನೀವು ಖಾನಾವಳಿಗೆ ಬಂದಿರಿ. ಗಂಟಲಿಗೆ ವಸ್ತ್ರ ಸುತ್ತಿತ್ತು. ನಿಮ್ಮ ಮಗ ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು, ರೈಲಿಗೆ ಇನ್ನೂ ಹೊತ್ತಿತ್ತು. "ಕುಂದ್ರಿ ಸರ್, ಮೊಸರಾದ್ರೂ ತರಲೇನ್ರಿ?" ಅಂದೆ. "ಏನು ತಂದ್ರೂ ಅಷ್ಟೇ. ಅವಲಕ್ಕಿನೂ ಮಣ್ಣು, ಮೊಸರೂ ಮಣ್ಣು. ಎಲ್ಲಾ ನಿನ್ನ ಚಮಚದ ಬಾತು ಆಗ್ಯಾದ ನೋಡು" ಅಂದು ನೀವೇ ನಕ್ಕಿರಿ. ಚಾ ತಂದಿಟ್ಟೆ. ಚೀಲದಿಂದ ಈ ಪುಸ್ತಕ ತೆಗೆದಿರಿ. ಬಾಯಿಗೆ ರುಚಿ ಹೋದ ಮೇಲೆ ದಿನಾ ಈ ರುಚಿಯ ಸಾಲುಗಳನ್ನೇ ಓದುತ್ತಿದ್ದಿರಂತೆ. ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟು, "ಇಡೀ ಪುಸ್ತಕದಾಗ ನನಗ ಇದೇ ಸೇರ್ತದ. ಖಾಲಿ ಅದಲ್ಲ, ಅದೇ ಚಂದ" ಅಂದಿರಿ.

ನನಗೆ ಗೊತ್ತಿತ್ತು ಸರ್. ನಾಲಿಗೆಯ ತುದಿಗೆ ಬಂದಿತ್ತು. "ಸರ್, ಅದು..." ಅಂದೆ. ನೀವು ತಲೆ ಎತ್ತಿದಿರಿ. "ಚಾ ಆರ್ತದ್ರಿ" ಅಂದುಬಿಟ್ಟೆ. ಯಾರ ಮುಖದ ಮೇಲಾದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆಂದು ಮೂರು ಕಡೆ ಕೆಲಸ ಕಳೆದುಕೊಂಡವಳು ನಾನು. ಆ ದಿನ ಮಾತ್ರ ಯಾಕೆ...? ನೀವು ಪುಸ್ತಕವನ್ನು ನನ್ನ ಕೈಗಿಟ್ಟು, "ಇದು ನಿನ್ನ ಹಂತೇಲೆ ಇರಲಿ. ಖರೇ ಹೇಳೂಕಿ ನೀ ಒಬ್ಬಾಕಿನೇ" ಎಂದು ಹೇಳಿ ಹೋದಿರಿ. ಹೈದರಾಬಾದಿನಿಂದ ಸುದ್ದಿ ಬಂತು, ನೀವು ತಿರುಗಿ ಬರಲಿಲ್ಲ.

ಆ ಮಾತು ಹೊತ್ತುಕೊಂಡು ಇಷ್ಟು ದಿನ ಇದ್ದೆ. ಇನ್ನು ಆಗುವುದಿಲ್ಲ. ಏಳನೆಯ ಹಕ್ಕಿ, ಹನ್ನೊಂದನೆಯ ಹಕ್ಕಿ ಎರಡೂ ಒಂದೇ ಸರ್. ಮಾಮಾನದು ಒಂದು ಹೆಸರು, ನಿಮ್ಮದು ಒಂದು ಹೆಸರು. ನಡುವೆ ಇದ್ದ ನಾನು ಅದರ ಮುಖವನ್ನೇ ನೋಡಿರಲಿಲ್ಲ.

ಹೋದ ವಾರ ಊರಿಗೆ ಹೋದಾಗ ಮಾಮಾನಿಗೆ ಹೇಳಿದೆ, "ಇನ್ನಮ್ಯಾಲ ತಲಿ, ರೆಕ್ಕಿ ಸಮೇತ ತಾ. ಮಾರಿ ನೋಡದ ಹಕ್ಕಿ ನಾ ಒಲಿ ಮ್ಯಾಲ ಇಡಾಂಗಿಲ್ಲ." "ತಲಿ ತಂದ್ರ ನನ್ನ ತಲಿ ಹೋಗ್ತದಲೇ ಹುಚ್ಚಿ" ಅಂದ. ನಾನು ಊರಲ್ಲಿದ್ದಷ್ಟು ದಿನ ಏನೂ ತರಲಿಲ್ಲ. ಆಸೆ ಬಿಟ್ಟಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಸೂಜಿಬಾಲದ ಕೊಬ್ಬಿನ ವಾಸನೆ ನೆನೆದರೆ ಈಗಲೂ ಬಾಯಲ್ಲಿ ನೀರು. ಆದರೆ ಈ ಮಾತನ್ನು ಮುರಿಯುವುದಿಲ್ಲ.

ಗೋಡೆಯ ಕ್ಯಾಲೆಂಡರ್ ನೋಡಿದ್ದೇನೆ, ಇವತ್ತು ಏಕಾದಶಿ ಅಲ್ಲ. ಖಾಲಿ ಜಾಗ ತುಂಬುತ್ತಿದ್ದೇನೆ.

ಚಕ್ರವಾಕ. ರುಚಿ: ಏಳನೆಯ ಸಾಲು ನೋಡಿರಿ. ಅರ್ಧ ನಾಯಿಗೆ. ಇನ್ನರ್ಧ ತಿಂದವರಲ್ಲಿ ನಾನೂ ಒಬ್ಬಳು.