ಲೂಥರನ ಮುರಿಯದ ಕೈ

ಡೋಥನ್, ಅಲಬಾಮ
೧೨ ಅಕ್ಟೋಬರ್ ೧೯೭೧, ಮಂಗಳವಾರ

ಪ್ರೀತಿಯ ತಮ್ಮ ಲೂಥರ್‌ಗೆ,

ಶನಿವಾರ ನಿನ್ನ ಕುಸ್ತಿಯನ್ನು ಟಿವಿಯಲ್ಲಿ ನೋಡಿದೆ. ಸ್ವಲ್ಪ ದಪ್ಪಗಾಗಿದ್ದೀಯ. ಫೋನ್ ಮಾಡೋಣವೆಂದರೆ ನಮ್ಮ ಒಂದೇ ಲೈನನ್ನು ಇನ್ನೂ ಮೂರು ಮನೆಯವರು ಹಂಚಿಕೊಂಡಿದ್ದಾರೆ, ಮೂವರಿಗೂ ಕಿವಿ ಚುರುಕು. ಅದಕ್ಕೇ ಈ ಕಾಗದ. ಓದಿ ಒಲೆಗೆ ಹಾಕು.

ಅಮ್ಮನಿಗೆ ಇನ್ನು ಎರಡು ಮೂರು ವಾರವಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ತನ್ನ ಹೊಟ್ಟೆನೋವಿನ ಬಗ್ಗೆ ಅವಳು ತುಟಿ ಬಿಚ್ಚುವುದಿಲ್ಲ. ಆಡುವುದೆಲ್ಲ ನಿನ್ನ ಎಡಗೈಯ ಮಾತು. ನನ್ನ ಗಂಡ ಹಾರ್ಲನ್ ಅದನ್ನು ರಿಂಗಿನಲ್ಲಿ ಮುರಿದು ನಾಲ್ಕು ವರ್ಷವಾಯಿತು. ಅಂದಿನಿಂದ ಅವಳು ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ, ಅವನನ್ನು ತನ್ನ ಹೊಸ್ತಿಲು ತುಳಿಯಲು ಬಿಟ್ಟೂ ಇಲ್ಲ.

ಮುರಿದದ್ದು ಹೇಗೆಂದು ನಮ್ಮ ಮೂವರಿಗೆ ಗೊತ್ತು. ನೀನು ಗಾಯವಾದವನಂತೆ ಮನೆಯಲ್ಲಿದ್ದು ಮರಳಿದರೆ ನಿನ್ನ ಸೇಡಿನ ಕುಸ್ತಿಗೆ ಜನ ಮುಗಿಬೀಳುತ್ತಾರೆಂದು, ಕುಸ್ತಿ ನಡೆಸುವ ಟಿಡ್ವೆಲ್ ಸಾಹೇಬರು ಲೆಕ್ಕ ಹಾಕಿದರು. ಬಣ್ಣದ ಅಂಗಡಿಯಿಂದ ಪ್ಲಾಸ್ಟರ್ ಪುಡಿ ತಂದು, ನನ್ನ ಅಡುಗೆಮನೆಯಲ್ಲಿ, ಹಾರ್ಲನ್ನೇ ಕೂತು ನಿನ್ನ ಕೈಗೆ ಸುತ್ತಿದ. ನೀರಿನ ಬೋಗುಣಿ ಹಿಡಿದು ನಿಂತವಳು ನಾನು. ಎಷ್ಟು ನಕ್ಕೆವು ಅಂದು. ಎರಡು ತಿಂಗಳ ನಂತರ ಬಿಚ್ಚಿದಾಗ ಅಮ್ಮ ಆ ಚಿಪ್ಪನ್ನು ಕೇಳಿ ಪಡೆದು ತನ್ನ ಹ್ಯಾಟಿನ ಡಬ್ಬಿಯಲ್ಲಿಟ್ಟಳು. ನಗು ಅಲ್ಲಿಗೆ ನಿಲ್ಲಬೇಕಿತ್ತು.

ಗುಟ್ಟು ಬಿಟ್ಟುಕೊಟ್ಟವರಿಗೆ ಮೊಬೀಲ್ ಊರಿನಿಂದ ಪೆನ್ಸಕೋಲದವರೆಗೆ ಯಾವ ಅಖಾಡದಲ್ಲೂ ಕೆಲಸವಿಲ್ಲ ಎಂದು ಸಾಹೇಬರು ಹೇಳಿದ್ದು ನಿಮ್ಮಿಬ್ಬರಿಗೆ. ಶಿಕ್ಷೆ ನನಗೂ ಬಂತು. ಜನರ ಕಣ್ಣಿಗೆ ಶತ್ರುಗಳಾಗಿರಲು ನೀವು ಬೇರೆ ಬೇರೆ ಬಾಗಿಲಿನಿಂದ ಒಳಹೋಗುತ್ತೀರಿ, ಬೇರೆ ಕಾರಿನಲ್ಲಿ ಹೋಗುತ್ತೀರಿ. ನಾನು ಎಲ್ಲಿಗೆ ಹೋಗಲಿ? ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಕುಸ್ತಿ ನೋಡಲು ಬಂದ ಮುದುಕಿಯೊಬ್ಬಳು ರಿಂಗಿನ ಖಳನೆಂದು ಹಾರ್ಲನ್‌ನ ತೊಡೆಗೆ ಹ್ಯಾಟಿನ ಪಿನ್ನು ಚುಚ್ಚಿದಾಗ ಅವನು ಹಲ್ಲು ಕಿರಿದು, "ನನ್ ಕೆಲ್ಸ ಚೆನ್ನಾಗಿದೆ ಅನ್ನೋಕೆ ಇದೇ ಕಣೇ ಸರ್ಟಿಫಿಕೇಟು" ಎಂದ. ಪಟ್ಟಿ ಕಟ್ಟುವಾಗ ಅತ್ತವಳು ನಾನು.

ಪ್ರತಿ ಗುರುವಾರ ಅವನು ಅಮ್ಮನಿಗೆಂದು ಹಸಿ ಶೇಂಗಾ ಬೇಯಿಸುತ್ತಾನೆ, ಹಲ್ಲಿಲ್ಲದವರಿಗೂ ಆಗುವಷ್ಟು ಮೆತ್ತಗೆ. ಪಕ್ಕದ ಮನೆಯವರು ಕೊಟ್ಟರೆಂದು ಹೇಳಿ ನಾನು ಒಯ್ಯುತ್ತೇನೆ. ಹೋದ ವಾರ ಅಮ್ಮ ತಿಂದು, "ಬೇಯಿಸ್ದೋರ ಹೊಟ್ಟೆ ತಣ್ಣಗಿರ್ಲಿ" ಎಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ: ಕೈ ಮುರಿದಿಲ್ಲ, ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಿರುತ್ತದೆ, ಇಬ್ಬರೂ ಜೀವದ ಗೆಳೆಯರು.

ಅಮ್ಮ ತಟ್ಟೆ ದೂರ ತಳ್ಳಿದಳು. "ಗಂಡನ್ನ ಉಳಿಸ್ಕೊಳ್ಳೋಕೆ ಒಡಹುಟ್ಟಿದೋನ್ನೇ ಸುಳ್ಳುಗಾರ ಮಾಡ್ತೀಯಾ? ರಿಂಗಲ್ಲಿ ಅವನು ಹಲ್ಲು ಕಚ್ಚಿ ಸಹಿಸ್ಕೊಳ್ತಾನೆ ಅಷ್ಟೇ, ಮೊನ್ನೆ ಬಂದಾಗ್ಲೂ ಆ ಕೈಲಿ ಲೋಟ ಎತ್ತಕ್ಕಾಗ್ದೆ ಒದ್ದಾಡ್ತಿದ್ದ, ನಾನ್ ನೋಡಿಲ್ವಾ?"

ಲೂಥರ್, ನಿನಗೆ ನಾಚಿಕೆಯಾಗಬೇಕು. ಟಿಡ್ವೆಲ್ ಸಾಹೇಬರು ಅಮ್ಮನ ಹಾಸಿಗೆಯ ಕೆಳಗೆ ಅಡಗಿರಲಿಲ್ಲ. ಅವಳು ಆ ಕೈ ಸವರಿ ಮುದ್ದು ಮಾಡುವುದು ನಿನಗೆ ಹಿತವಾಗಿದೆ, ಅಷ್ಟೇ. ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಇಲ್ಲ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಭಾನುವಾರ ಬಾ. ಹಾರ್ಲನ್ ಜೊತೆ ಅವಳ ಎದುರು ನಿಂತು, ಎಡಗೈಯಿಂದ ಅವಳನ್ನು ಎತ್ತಿ ಕೂರಿಸು. ಅಮ್ಮನನ್ನು ನೋಡಲು ಬಂದವರು ನಿಮ್ಮಿಬ್ಬರನ್ನು ಒಟ್ಟಿಗೆ ಕಂಡರೆ ಕಾಣಲಿ, ಕೆಲಸ ಹೋದರೆ ಹೋಗಲಿ ಎಂದು ಅವನು ಒಪ್ಪಿದ್ದಾನೆ. ನನ್ನ ಮಾತನ್ನು ಅವಳು ನಂಬುವುದಿಲ್ಲ. ನಿನ್ನದನ್ನು ಮಾತ್ರ ನಂಬುತ್ತಾಳೆ.

ನಿನ್ನ ದಾರಿ ಕಾಯುತ್ತಿರುವ ಅಕ್ಕ,
ವರ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅಮ್ಮ ಹ್ಯಾಟಿನ ಡಬ್ಬಿ ತರಿಸಿಕೊಂಡು, ಆ ಪ್ಲಾಸ್ಟರನ್ನು ತನ್ನ ಶವಪೆಟ್ಟಿಗೆಯಲ್ಲಿ ಇಡಬೇಕೆಂದು ನನ್ನಿಂದ ಮಾತು ತೆಗೆದುಕೊಂಡಳು. "ಹಾರ್ಲನ್ ಏನ್ ಮಾಡ್ದ ಅಂತ ದೇವ್ರಿಗೆ ನಾನೇ ತೋರಿಸ್ತೀನಿ" ಎಂದಳು. ಅಂದು ಬೋಗುಣಿ ಹಿಡಿದಿದ್ದ ನಾನೇ ಹೂಂ ಎಂದೆ.