ಅಣ್ಣನ ಲೆನ್ಸು, ಸೀತಾರಾಮಪ್ಪನ ಜೂಮು

ಹಿಂದೂಪುರ
9-3-1987, ಸೋಮವಾರ

ಪ್ರೀತಿಯ ಅಮರೇಶಣ್ಣನಿಗೆ ನಿನ್ನ ತಂಗಿಯ ನಮಸ್ಕಾರ.

ಕೆಮ್ಮು ಹೇಗಿದೆ? ಕತ್ತಲೆ ಕೋಣೆಯಲ್ಲಿ ಆ ಫೋಟೋ ಔಷಧಿಯ ವಾಸನೆ ಕುಡಿದೇ ನಿನಗೆ ಕೆಮ್ಮು ಹತ್ತಿದ್ದು ಅಂತ ಅಮ್ಮ ದಿನವೂ ಗೊಣಗುತ್ತಾಳೆ. ಕಲ್ಯಾಣದುರ್ಗದ ಬಿಸಿಲಿಗೆ ಮಜ್ಜಿಗೆ ತಪ್ಪಿಸಬೇಡ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪ ಚೆನ್ನಾಗಿದ್ದಾರೆ, ಅಂದರೆ ನಿನ್ನ ಹೆಸರು ಎತ್ತದಿದ್ದರೆ ಚೆನ್ನಾಗಿದ್ದಾರೆ. ಎರಡನೇ ಮಗ್ಗ ಹಾಕಿಸಬೇಕಾದ ದುಡ್ಡಿಗೆ ನೀನು ಕ್ಯಾಮೆರಾಕ್ಕೆ ಜೂಮಿಲ್ಲದ ಲೆನ್ಸು ತಂದೆ ಅನ್ನೋ ಸಿಟ್ಟು ಇನ್ನೂ ಇಳಿದಿಲ್ಲ. "ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಬರಲ್ಲ, ಅದೆಂಥಾ ಗಾಜು ಕಣ್ಲಾ? ಸೀತಾರಾಮಪ್ಪನ ಜೂಮು ನೋಡು, ನಿಂತಲ್ಲೇ ಪೆನುಕೊಂಡ ಕ್ವಾಟೆ ಎಳ್ಕೊಂಡ್ಬತ್ತದೆ" ಅಂದಿದ್ದರಲ್ಲ, ಇವತ್ತಿಗೂ ಅದೇ ರಾಗ. ನೀನು ಕೊಟ್ಟ ಉತ್ತರ ನನಗೊಬ್ಬಳಿಗೇ ನೆನಪಿರಬೇಕು: "ಹತ್ರ ಬೇಕಂದ್ರೆ ನಾನೇ ಎರಡೆಜ್ಜೆ ಮುಂದಕ್ಕೆ ಹೋಯ್ತೀನಿ, ಗಾಜು ಯಾಕಪ್ಪ ಹೋಗ್ಬೇಕು?"

ಅಣ್ಣ, ನನಗೆ ಸಾಕಾಗಿಹೋಗಿದೆ. ಸಂಬಂಧ ನೋಡೋರಿಗೆ ಕೊಡೋಕೆ ಅಪ್ಪ ನನ್ನ ಫೋಟೋ ತೆಗೆಸಿದ್ದು ಸೀತಾರಾಮಪ್ಪನ ಸ್ಟುಡಿಯೋದಲ್ಲಿ. ಮದುವೆ ಗುಂಪಿಗೂ ಕೂಸಿನ ಮುಖಕ್ಕೂ ಅವನದು ಅದೊಂದೇ ಅಗ್ಗದ ಜೂಮು. ಒದ್ದೆ ಬಟ್ಟೆ ಅಡ್ಡ ಹಿಡಿದ ಹಾಗೆ ಎಲ್ಲ ಮಸುಕು. ಚಿಕ್ಕಂದಿನಲ್ಲಿ ಬಣ್ಣ ಕಾಯಿಸೋ ಹಂಡೆ ಉರುಳಿ ಬೆಂದ ನನ್ನ ಎಡಗೆನ್ನೆ ಆ ಮಸುಕಿನಲ್ಲಿ ನುಣ್ಣಗಾಗಿಬಿಟ್ಟಿದೆ. "ಚಂದಮಾಮ ಲಾಗ ಉಂದಿ", ಚಂದಮಾಮನ ಹಾಗಿದೆ ಅಂತ ಅವನು ತೆಲುಗಿನಲ್ಲಿ ಹಿಗ್ಗಿದ. "ಇದಪ್ಪ ಲೆನ್ಸಂದ್ರೆ" ಅಂತ ಅಪ್ಪನೂ ಹಿಗ್ಗಿದರು. ಗಂಡಿನವರು ಆ ಚಂದಮಾಮನನ್ನು ನೋಡಿಕೊಂಡು ಬರುತ್ತಾರೆ. ನಾನು ಕಾಫಿ ತಟ್ಟೆ ಹಿಡಿದು ಬರುತ್ತೇನೆ. ಮೊದಲು ನನ್ನ ಕೆನ್ನೆ ನೋಡುತ್ತಾರೆ, ಆಮೇಲೆ ಸಂಬಂಧ ತಂದ ಚಿನ್ನಕ್ಕನ ಮುಖ ನೋಡುತ್ತಾರೆ, ಆಮೇಲೆ ಗೋಡೆ ನೋಡುತ್ತಾರೆ. ಒಪ್ಪದ ಮನೆಯಲ್ಲಿ ಬಾಯಿ ಸಿಹಿ ಮಾಡಬಾರದಲ್ಲ, ಕೇಸರಿಬಾತು ತಟ್ಟೆಯಲ್ಲೇ ಆರುತ್ತದೆ. ಅವರು ಬೀದಿ ತಿರುಗುವ ತನಕ ಕಾದು ಅಮ್ಮ ಅದನ್ನು ಎಮ್ಮೆಗೆ ಹಾಕುತ್ತಾಳೆ. ಕಳೆದ ಸಲ ಬಂದ ಮುದುಕಿಯೊಬ್ಬಳು ಚಪ್ಪಲಿ ಮೆಟ್ಟುತ್ತಾ "ಮೋಸ ಮಾಡ್ಬುಟ್ರಿ ಕಣಮ್ಮ" ಅಂದಳು, ಅಪ್ಪನಿಗಲ್ಲ, ನನಗೆ. ಮುಖ ಚೆನ್ನಾಗಿಲ್ಲ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮೋಸಗಾತಿ ಅನ್ನಿಸಿಕೊಂಡು ಇರೋಕೆ ನನ್ನ ಕೈಲಿ ಆಗುತ್ತಿಲ್ಲ.

ಹೋದ ಯುಗಾದಿಗೆ ಬಂದಾಗ ನೀನು ನನ್ನನ್ನು ಮಗ್ಗದ ಪಕ್ಕ ಕಿಟಕಿ ಬೆಳಕಿಗೆ ಕೂರಿಸಿ ತೆಗೆದೆಯಲ್ಲ, ಆ ಫೋಟೋದಲ್ಲಿ ರೇಷ್ಮೆಯ ಒಂದೊಂದು ಎಳೆಯೂ ಕಾಣುತ್ತದೆ, ಕೆನ್ನೆಯ ಒಂದೊಂದು ಸುಕ್ಕೂ ಕಾಣುತ್ತದೆ. ಅಪ್ಪ ಅದನ್ನು ಬೋರಲು ಹಾಕಿದರು. "ಅಷ್ಟು ದುಡ್ಡು ಸುರಿದು, ಇರೋ ಕಲೆನೆಲ್ಲ ತೋರ್ಸೋ ಗಾಜು ತಂದವ್ನೆ" ಅಂದರು. ಅವತ್ತು ನಾನೂ ಅತ್ತೆ. ಮೊನ್ನೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಿನ್ನ ಫೋಟೋದಲ್ಲಿ ನನ್ನ ಕಣ್ಣು ನಗುತ್ತಿದೆ. ಸೀತಾರಾಮಪ್ಪನದರಲ್ಲಿ ಕಲೆಯ ಜೊತೆ ಕಣ್ಣೂ ಅಳಿಸಿಹೋಗಿದೆ. ಅಪ್ಪ ಏನೇ ಅನ್ನಲಿ, ನಿನ್ನ ಲೆನ್ಸಿಗೆ ಕೊಟ್ಟ ದುಡ್ಡು ದಂಡವಲ್ಲ.

ಈ ಭಾನುವಾರ ನಿಮ್ಮ ಕಲ್ಯಾಣದುರ್ಗದವರೇ ಬರುತ್ತಾರೆ. ಹುಡುಗನ ಹೆಸರು ಓಬಳೇಶ, ಅಲ್ಲಿ ಶೇಂಗಾ ಮಂಡಿಯಲ್ಲಿ ಗುಮಾಸ್ತನಂತೆ. ಅವರ ಕೈಗೂ ಆ ಚಂದಮಾಮನೇ ಹೋಗಿದ್ದಾನೆ. ಬೇಡ ಅಂದೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ಆಗಲೇ ರವೆ ತರಿಸಿದ್ದಾಳೆ.

ನಿನ್ನ ಪಕ್ಕದ ಮನೆಯ ಕದಿರಮ್ಮಜ್ಜಿಗೆ ನನ್ನ ನಮಸ್ಕಾರ ಹೇಳು. ಚೌಡಮ್ಮ ತಾಯಿ ನಿನ್ನ ಕಣ್ಣು, ಕೈ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಬನಶಂಕರಿ

ಮತ್ತೆ: ಟಪಾಲಿಗೆ ಹಾಕುವ ಮುಂಚೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಯುಗಾದಿ ಫೋಟೋ ದೊಡ್ಡದು ಮಾಡಿ, ಶನಿವಾರದೊಳಗೆ ನಿನ್ನ ಸ್ಟುಡಿಯೋ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಹಾಕು. ಕೆಳಗೆ ನನ್ನ ಹೆಸರು, ಊರು ಬರೆ. ಗಂಡಿನವರ ಕೈಗೆ ಕೊಡಬೇಡ, ಚಿನ್ನಕ್ಕ ಏನೋ ಹೇಳಿ ಇಸಿದುಕೊಂಡುಬಿಡುತ್ತಾಳೆ. ಮದುವೆಯಾಗದ ಹುಡುಗಿಯ ಫೋಟೋ ಬೀದಿಗೆ ಹಾಕಬಾರದು ಅಂತ ನನಗೂ ಗೊತ್ತು. ಅಪ್ಪ ನಿನ್ನನ್ನು ಇನ್ನು ಹೊಸಿಲು ತುಳಿಯೋಕೆ ಬಿಡಲಿಕ್ಕಿಲ್ಲ. ಆದರೂ ಹಾಕಣ್ಣ, ನಿನ್ನ ಕಾಲಿಗೆ ಬೀಳುತ್ತೇನೆ. ಹಿಂದೂಪುರದ ಬಸ್ಸಿಗೆ ಅವರು ನಿನ್ನ ಅಂಗಡಿ ಮುಂದೆಯೇ ನಿಲ್ಲಬೇಕು. ಬೇಡ ಅನ್ನೋರು ಅಲ್ಲಿಂದಲೇ ಮನೆಗೆ ಹೋಗಲಿ. ನೋಡಿಯೂ ಬಸ್ಸು ಹತ್ತಿದರೆ, ಕಾಫಿ ತರುವಾಗ ನಾನು ತಲೆ ತಗ್ಗಿಸುವುದಿಲ್ಲ.