ಉಸಿರು ಬರೆಯುವ ಪಟ್ಟಿ

ಬೆಂಗಳೂರು, ೧೪-೨-೧೯೮೪

ಸೌ. ದುಗ್ಗಮ್ಮನಿಗೆ,

ಕ್ಷೇಮವಾಗಿ ತಲುಪಿದೆ. ಈ ಆಸ್ಪತ್ರೆಯಲ್ಲಿ ನಿದ್ರೆಯನ್ನು ಅಳೆಯುವ ಹತ್ತಿಬಟ್ಟೆಯ ಪಟ್ಟಿಯೊಂದಿದೆ. ಒಳಗೆ ತೆಳುವಾದ ರಬ್ಬರ್ ನಳಿಕೆ. ಎದೆಗೆ ಸುತ್ತಿದರೆ ಉಡಿದಾರದಷ್ಟೂ ತೊಡಕಿಲ್ಲ. ಉಸಿರಾಡಿದಂತೆಲ್ಲ ಯಂತ್ರದ ಪೆನ್ನು ಕಾಗದದ ಮೇಲೆ ಅಲೆ ಬರೆಯುತ್ತದೆ. ಕೆಮ್ಮಿ ನೋಡಿದೆ, ಪೆನ್ನು ಎಗರಿತು! ನಿದ್ರೆ ಹತ್ತಿದರೆ ಅಲೆಗಳು ಒಂದೇ ಸಮನಾಗುತ್ತವಂತೆ.

ನಿನ್ನೆ ರಾತ್ರಿ ಅದನ್ನು ಕಟ್ಟಿಕೊಂಡೇ ಮಲಗಿದ್ದೆ. ಮಗಳು ತೀರಿಕೊಂಡಂದಿನಿಂದ ನಾನು ರೆಪ್ಪೆ ಮುಚ್ಚಿಲ್ಲವೆಂದು ಬೆಳಿಗ್ಗೆ ವಾದಿಸಿದೆ. ಯಂತ್ರ ನೋಡಿಕೊಳ್ಳುವ ಸಾಗರದ ಕನ್ನಪ್ಪ ಕಾಗದ ಬಿಡಿಸಿ ನಕ್ಕ: “ಎಂತ ಮಾರಾಯ್ರೇ, ಐದು ಗಂಟೆ ಗಡದ್ದಾಗಿ ನಿದ್ದೆ ಹೊಡ್ದಿದೀರಿ! ಪೆನ್ನಿನ ಹತ್ರ ಜಗಳ ಆಡ್ತೀರಾ?”

ಕಾಲೇಜಿನ ಚರ್ಚಾಕೂಟದಲ್ಲಿ ಸೋಲದವನು ಇಲ್ಲಿ ಸೋತೆ. ಎರಡು ವರ್ಷದಿಂದ ನೀನು ಹೇಳಿದ್ದೂ ಇದನ್ನೇ: “ನೀವು ನಿದ್ದೆ ಮಾಡ್ತೀರಿ, ನಾನು ದಿನಾ ನೋಡ್ತೀನಿ.” ಸುಳ್ಳೆಂದು ಗದರಿಸಿದ್ದೆ. ಆದರೆ ನನ್ನ ನಿದ್ರೆಯನ್ನು ದಿನವೂ ನೋಡಬೇಕಾದರೆ ನೀನು ಎಚ್ಚರವಾಗಿರಬೇಕಲ್ಲವೇ? ಅದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ನನಗೆ ಮದ್ದು ಬೇಡವೆಂದರು. ಶನಿವಾರ ತೀರ್ಥಹಳ್ಳಿಯಿಂದ ಬೆಂಗಳೂರಿನ ಬಸ್ಸಿಗೆ ನಿನ್ನ ತಮ್ಮನ ಜೊತೆ ಹೊರಟು ಬಾ. ಡಾಕ್ಟರಿಗೆ ಹೇಳಿದ್ದೇನೆ, ಸೋಮವಾರ ಪಟ್ಟಿ ನಿನಗೆ. ಕಟ್ಟುವವರು ಹೆಂಗಸರೇ, ಸಂಕೋಚ ಬೇಡ.

ಇತಿ,
ಹೂವಯ್ಯ